ಹಗೆ ಮರೆಸುವ ಹನಿ

ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗುವ ಸ್ಪರ್ಧೆಯಿಂದ ಧರಣೇಂದ್ರ ಬೆಳಿಗ್ಗೆ ಹಿಂದೆ ಸರಿದು, ಎದುರಾಳಿ ರುದ್ರಸೇನರಿಗೆ ಬೆಂಬಲ ಘೋಷಿಸಿದರು. ಎಂದಿನಂತೆ ಧರಣೇಂದ್ರರ ಕಡೆಯವರೆಲ್ಲ ಹಳೆಯ ಹಗೆ ಮರೆಸುವ ಹನಿಯನ್ನು ಕಣ್ಣಿಗೆ ಬಿಡಿಸಿಕೊಳ್ಳಬೇಕಿತ್ತು. ಅವರ ಪರ ವಾದಿಸುತ್ತಿದ್ದ ಟಿವಿ ವಿಶ್ಲೇಷಕ ವಾಮನಮೂರ್ತಿಯವರಿಗೆ ಮೇಕಪ್ಪಿನ ಲೂಸಿಯೇ ಬಿಟ್ಟಳು.

ನಿನ್ನೆ ಇದೇ ಕುರ್ಚಿಯಲ್ಲಿ ಅವರು, "ಆ ರುದ್ರಸೇನನ ಕಡೆಯವ್ರೇ ನನ್ನ ಮಗನ್ನ ಹೊಡೆದು ಸಾಯಿಸಿದ್ದು ಕಣಮ್ಮಾ" ಎಂದು ಅತ್ತಿದ್ದರು.

ಈಗ ಕಣ್ಣೊರೆಸಿಕೊಂಡು, "ರುದ್ರಸೇನರಂಥವ್ರು ನೂರು ವರ್ಷಕ್ಕೊಬ್ರು ಹುಟ್ತಾರೆ" ಎಂದರು. ಕನ್ನಡಿಗೆ ನಿನ್ನೆ ತಾವೇ ಸಿಕ್ಕಿಸಿದ್ದ ಮಗನ ಫೋಟೋದತ್ತ ಬೆರಳು ತೋರಿಸಿದರು.

"ಯಾರಮ್ಮಾ ಈ ಹುಡುಗ? ನಿನ್ನ ಮಗನಾ?"

ಲೂಸಿ ಬ್ರಷ್ ಕೆಳಗಿಟ್ಟಳು. "ಹೌದು ಸಾರ್."

ಹನಿಯ ಉಸ್ತುವಾರಿಗೆಂದು ಬಾಗಿಲಲ್ಲಿ ನಿಂತಿದ್ದ ರುದ್ರಸೇನರ ಆಳು ಫೋಟೋ ನೋಡಿದ, ಗುರುತು ಹಿಡಿದ, ಹನಿಯ ಸೀಸೆ ಎತ್ತಿಕೊಂಡ.

"ನಿನ್ನ ಮಗನಾದ್ರೆ ನಿಂಗೂ ಬೇಕಲ್ಲಮ್ಮಾ. ಕೂತ್ಕೋ."