ಹಗ್ಗದ ಆಚೆ ತುದಿ

ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಂದಕ್ಕೆ ಜಗ್ಗಿದಾಗ ತಂಗಿ ಮೊದಲು ಅದನ್ನು ಅಲೆಯ ಆಟ ಅಂದುಕೊಂಡಳು. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಕೆರೆಯಲ್ಲಿ ದಾರಿ ಎಂದರೆ ಆ ಹಗ್ಗವೇ. ಅದರ ಇನ್ನೊಂದು ತುದಿ ಅಕ್ಕನ ಸೊಂಟದಲ್ಲಿ. ದಿನವೂ ಭುಜಕ್ಕೆ ಭುಜ ಕೊಟ್ಟು ಈಜುತ್ತಿದ್ದ ಅಕ್ಕ ಇವತ್ತು ಹಿಂದೆ ಬೀಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕನ ಕೈ ಅವಳ ಬೆನ್ನು ತಟ್ಟಿತು. ಆಚೆ ದಡ ಸಿಕ್ಕಿತು, ತಿರುಗು ಎಂಬ ಗುರುತು ಅದು. ತಂಗಿ ತಿರುಗಿದಳು.

ನೀರಿನಿಂದ ಹೊರಗೆ ಬಂದ ಮೇಲೆ ಅಕ್ಕ ಏದುಸಿರಿನಲ್ಲೇ, "ಪೂರ್ತಿ ಆಯ್ತು ಕಣೇ, ಚೆನ್ನಾಗೇ ಬಂದ್ವಿ," ಎಂದಳು.

"ಜೊಂಡು ಎಲ್ಲಿ ಹೋಯ್ತು?"

"ಯಾವ ಜೊಂಡು?"

"ಆಚೆ ದಡದ್ದು. ದಿನಾ ಮುಖಕ್ಕೆ ತಗಲೋದು. ರಾತ್ರೋರಾತ್ರಿ ಯಾರಾದ್ರೂ ಕಿತ್ಕೊಂಡು ಹೋದ್ರಾ?"

ಅಕ್ಕ ಟವೆಲ್ ಕೊಡವುವ ಸದ್ದು ಕೇಳಿಸಿತು. ಅದು ಕೈಜಾರಿ ಕಲ್ಲಿನ ಮೇಲೆ ಬಿದ್ದದ್ದೂ ಕೇಳಿಸಿತು.

ಹೋದ ವರ್ಷ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಈ ಮಾತು ತೆಗೆದವಳು ಅಕ್ಕನೇ. ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಸ್ಪರ್ಧೆಯಂತೆ, ಬೆಳಗಾಗುವಾಗ ನೀರಿಗೆ ಇಳಿದರೆ ಓಡಿ ಮುಗಿಸುವಾಗ ಕತ್ತಲಾಗಿರುತ್ತದಂತೆ, ಇಬ್ಬರೂ ಹೋಗೋಣ ಎಂದಿದ್ದಳು. ತಂಗಿ ಕಾಫಿ ನೆತ್ತಿಗೇರುವಷ್ಟು ನಕ್ಕಿದ್ದಳು. ಅಕ್ಕನೋ ಹೊಲಿಗೆ ಯಂತ್ರದ ಮುಂದೆ ಕೂತೇ ಅರ್ಧ ಆಯುಷ್ಯ ಕಳೆದವಳು, ಬೀದಿ ಕೊನೆಯ ಅಂಗಡಿಗೆ ನಡೆಯಲೂ ಬೇಸರ. ಆಸ್ಪತ್ರೆಯಲ್ಲಿ ರೋಗಿಗಳ ಸೋತ ಕೈಕಾಲಿಗೆ ವ್ಯಾಯಾಮ ಮಾಡಿಸುವುದು, ಮನೆಗೆ ಬರುವುದು, ಇಷ್ಟೇ ಆಗಿಹೋಗಿದ್ದ ತನ್ನನ್ನು ಹೊರಗೆಳೆಯಲು ಅಕ್ಕ ಹೂಡಿದ ಆಟ ಇದು ಎಂದು ತಂಗಿಗೆ ಆಮೇಲೆ ಹೊಳೆದಿತ್ತು. ಇಬ್ಬರು ತುಳಿಯುವ ಸೈಕಲ್ಲು ಬಂತು. ಮುಂದೆ ಕೂತ ಅಕ್ಕನ ಬಾಯಿಗೆ ಬಿಡುವಿರುತ್ತಿರಲಿಲ್ಲ. "ಎಡಗಡೆ ಒಬ್ಬ ದಪ್ಪ ಮನುಷ್ಯ ನಾಯಿ ಹಿಡ್ಕೊಂಡು ಹೋಗ್ತಿದ್ದಾನೆ. ಅಲ್ಲ, ನಾಯೀನೇ ಅವನನ್ನ ಹಿಡ್ಕೊಂಡು ಹೋಗ್ತಿದೆ." ಸ್ಪರ್ಧೆ ಹತ್ತಿರ ಬರುತ್ತಿದ್ದಂತೆ ತಂಗಿಗೆ ಒಳಗೊಳಗೇ ಬೇಸರ. ಅದು ಮುಗಿದರೆ ಈ ರಸ್ತೆಗಳೂ ಮುಗಿದುಬಿಡುತ್ತವಲ್ಲ ಎಂದು.

"ಎಡಗೈ ಕೊಡು," ಎಂದಳು ತಂಗಿ.

"ಒದ್ದೆಯಾಗಿದೆ."

"ಕೊಡಕ್ಕ."

ಹೆಬ್ಬೆರಳು, ತೋರುಬೆರಳಿನ ನಡುವೆ ಉಬ್ಬಿರಬೇಕಾದ ಮಾಂಸ ಇರಲಿಲ್ಲ, ಅಲ್ಲೊಂದು ಗುಳಿ. ತೋಳಿನಲ್ಲಿ ಚರ್ಮದ ಅಡಿ ಏನೋ ಸಣ್ಣಗೆ, ಬಿಡದೆ, ಕುದಿಯಲು ಹೊರಟ ನೀರಿನಂತೆ ಅದುರುತ್ತಿತ್ತು. ಇಂಥ ಕೈಗಳನ್ನು ಅವಳು ಆಸ್ಪತ್ರೆಯಲ್ಲಿ ಹಿಡಿದಿದ್ದಳು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ನಾಲಿಗೆ, ಕಡೆಗೆ ಉಸಿರು. ಹಿಡಿದ ಕೈಯನ್ನು ಅವಳು ಬಿಡಲಿಲ್ಲ.

"ಡಾಕ್ಟರಿಗೆ ತೋರಿಸಿದ್ಯಾ?"

"ಹೋದ ವರ್ಷವೇ."

"ನನಗ್ಯಾಕೆ ಹೇಳಲಿಲ್ಲ?"

"ಗೊತ್ತಾಗಿದ್ರೆ ದಿನಾ ಮುಟ್ಟಿ ಮುಟ್ಟಿ ನೋಡ್ತಿದ್ದೆ ನೀನು. ನಿನ್ನ ಕೈಗೆ ಮೋಸ ಮಾಡೋಕಾಗುತ್ತಾ?"

"ಇಷ್ಟೆಲ್ಲ ಗೊತ್ತಿದ್ದೂ ನನಗೋಸ್ಕರ ಯಾಕಕ್ಕ ಇಷ್ಟು ಒದ್ದಾಡಿದೆ?"

ಅಕ್ಕ ನಕ್ಕಳು. "ನಿನಗೋಸ್ಕರ ಅಂತ ಯಾರಂದ್ರು? ಒಂದೊಂದಾಗಿ ಹೋಗುತ್ತೆ ಅಂದ್ರು ಡಾಕ್ಟರು. ಮನೆಗೆ ಬಂದು ಯೋಚನೆ ಮಾಡ್ದೆ. ಈ ಕೈಕಾಲು ಇಟ್ಕೊಂಡು ಇಷ್ಟು ವರ್ಷ ಏನು ಕಡಿದು ಹಾಕ್ದೆ? ಊರವರ ಬಟ್ಟೆ ಹೊಲಿದೆ, ನಿನ್ನ ತಲೆ ಬಾಚ್ದೆ. ಹೇಗೂ ಹೋಗೋದೇ ತಾನೆ, ಇರೋವಾಗ ಖರ್ಚು ಮಾಡಿಬಿಡೋಣ ಅನ್ನಿಸ್ತು. ನೀನು ಒಂದು ನೆಪ, ಅಷ್ಟೇ."

ಒಂದು ವರ್ಷದಿಂದ ಹೊತ್ತು ತಿರುಗಿದ್ದ ಋಣ ಒಂದೇ ಮಾತಿಗೆ ಇಳಿದುಹೋಯಿತು. ಹಗುರವಾಗಲಿಲ್ಲ. ಆ ಜಾಗ ಹಲ್ಲು ಕಿತ್ತ ಸಂದಿನಂತೆ ನೋಯತೊಡಗಿತು.

"ಸ್ಪರ್ಧೆಗೆ ಬೇರೆ ಯಾರನ್ನಾದ್ರೂ ಜೊತೆ ಮಾಡ್ಕೋ," ಎಂದಳು ಅಕ್ಕ. "ನಿಮ್ಮಲ್ಲಿ ಮೀನಿನ ಥರ ಈಜೋ ನರ್ಸ್ ಒಬ್ಬರು ಇದ್ದಾರಲ್ಲ."

"ಸ್ಪರ್ಧೆ ಹಾಳಾಗಿ ಹೋಗ್ಲಿ. ನಾಳೆ ಬರ್ತೀಯೋ ಇಲ್ವೋ, ಅದು ಹೇಳು."

"ನೀರಿಗೆ ಬರಲ್ಲ. ಇವತ್ತು ನಡುನೀರಲ್ಲಿ ಭಯ ಆಯ್ತು, ನಿನ್ನನ್ನೂ ನೀರುಪಾಲು ಮಾಡ್ತೀನೇನೋ ಅಂತ." ಅಕ್ಕ ಬಿದ್ದಿದ್ದ ಟವೆಲ್ ಎತ್ತಿ ಕೊಡವಿದಳು. "ಸೈಕಲ್ಲಿಗೆ ಬರ್ತೀನಿ. ಬ್ರೇಕ್ ಹಿಡಿಯೋ ಬಲಗೈ ಇನ್ನೂ ನಂದೇ."

ಬಟ್ಟೆ ಬದಲಿಸಿ ಇಬ್ಬರೂ ಸೈಕಲ್ ಹತ್ತಿದರು. ತಂಗಿ ಹಿಂದಿನಿಂದ ಮೈಯ ಬಲವೆಲ್ಲ ಹಾಕಿ ತುಳಿದಳು, ಅಕ್ಕನ ಕಾಲು ಪೆಡಲ್ಲಿನ ಮೇಲೆ ಸುಮ್ಮನೆ ಕೂತರೆ ಸಾಕು ಎಂಬಂತೆ. ಸೇತುವೆ ದಾಟಿದ ಮೇಲೆ ಅಕ್ಕನಿಗೆ ಬಾಯಿ ತಡೆಯಲಾಗಲಿಲ್ಲ.

"ಎದುರಿಗೆ ಒಂದು ಲಾರಿ. ಲಾರಿ ಮೇಲೆ ಒಂದು ಸೋಫಾ. ಸೋಫಾದ ಮೇಲೆ ಮಹಾರಾಜರು ಬಾಯಿ ತೆರ್ಕೊಂಡು ಮಲಗಿದ್ದಾರೆ."

ತಂಗಿ ನಕ್ಕಳು. ನಗುತ್ತಿರುವಾಗಲೇ ಸೈಕಲ್ಲಿನ ಮೂತಿ ಮುಂದಕ್ಕೆ ಬಾಗಿತು.

"ಗಟ್ಟಿಯಾಗಿ ಹಿಡ್ಕೋ," ಎಂದಳು ಅಕ್ಕ. "ಇಲಿಜಾರು ಬಂತು."

ಇಳಿಜಾರಿನ ‘ಳ’ ಗಾಳಿಗೆ ತಪ್ಪಾಗಿ ಕೇಳಿಸಿತೇನೋ ಎಂದು ತಂಗಿ, "ಏನು?" ಎಂದಳು.

ಅಕ್ಕ ಇನ್ನೊಮ್ಮೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಇ-ಲಿ-ಜಾ-ರು."