ನಲವತ್ತೊಂದನೆಯ ತಟ್ಟೆ

ಸೆರ್ವಾ ಬೇರನ್ನು ಲಟಕ್ಕನೆ ಮುರಿದಳು. ಒಳಗೆ ಬಿಳುಪು. ನಿಬಿಮಾ ಬೇರಾಗಿದ್ದರೆ ಅರಿಸಿನದಷ್ಟು ಹಳದಿ ಇರಬೇಕಿತ್ತು.

"ಅಗ್ಯಾ, ಯಾರ ಕಿವಿ ಮೇಲೆ ಹೂ ಇಡ್ತಿದ್ದೀರಿ? ಇದು ನಿಬಿಮಾ ಅಲ್ಲವೇ ಅಲ್ಲ."

ಅವಳು ಗೌರವದಿಂದ ಅಗ್ಯಾ, ಅಂದರೆ ಅಪ್ಪಾ, ಎನ್ನುತ್ತಿದ್ದ ಒಡುರೋ ಮುದುಕ ತಲೆ ಎತ್ತಲಿಲ್ಲ. ಕುಮಾಸಿಯ ಸುತ್ತಿನ ಹಳ್ಳಿಗಳಲ್ಲಿ ನಲವತ್ತು ವರ್ಷ ಗಾಯಗಳಿಗೆ ಬೇರು ಅರೆದು ಕಟ್ಟಿದ ನಾಟಿ ವೈದ್ಯ. ಕಣ್ಣು ಕಟ್ಟಿ ಕಾಡಿಗೆ ಬಿಟ್ಟರೂ ವಾಸನೆಯಿಂದಲೇ ನಿಬಿಮಾ ಹುಡುಕಿ ತರುವವನು. ಅಂಥವನಿಗೆ ಬೇರು ಅದಲುಬದಲಾಯಿತು ಎಂದರೆ ನಂಬುವವರು ಯಾರು?

"ಸರಿಯಾದ ಬೇರು ಕೊಡದಿದ್ರೆ, ನಿಮ್ಮ ಔಷಧಿ ಕೆಲಸಕ್ಕೆ ಬಾರದ್ದು ಅಂತ ಲ್ಯಾಬಿನ ವರದೀಲಿ ಬರೀಬೇಕಾಗುತ್ತೆ ನಾನು."

"ಹಾಗೇ ಬರ್ದುಬಿಡಿ ತಾಯಿ."

ಅಭಿಮಾನದ ಮಾತು, ಎಂದುಕೊಂಡಳು ಸೆರ್ವಾ. ಈ ವೈದ್ಯರು ಪ್ರಾಣ ಬಿಟ್ಟಾರು, ಗುಟ್ಟು ಬಿಡುವವರಲ್ಲ. ಮರುದಿನ ತಾನೇ ಸಂತೆಗೆ ಹೋಗಿ, ಒಂದೊಂದನ್ನೂ ಮುರಿದು ನೋಡಿ, ಹಳದಿ ಬೇರು ತಂದಳು.

ಮುದುಕನಿಗೆ ಸಿಟ್ಟಿದ್ದರೆ ಅದು ನ್ಯಾಯವೇ. ಹೋದ ವರ್ಷ ನಾಟಿ ವೈದ್ಯರಿಗೆ ತರಬೇತಿ ಕೊಟ್ಟವಳು ಇವಳೇ. "ತೆರೆದ ಗಾಯಕ್ಕೆ ಬೇರು ಕಟ್ಟಬೇಡಿ, ಆಸ್ಪತ್ರೆಗೆ ಕಳಿಸಿ" ಎಂದು ಮೂರು ದಿನ ಗಂಟಲು ಹರಿದುಕೊಂಡಿದ್ದಳು. ಮಿಕ್ಕವರೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಒಡುರೋ ಒಬ್ಬ ಮಾತ್ರ ಅರೆಯುವ ಕಲ್ಲನ್ನೇ ಮಗುಚಿಟ್ಟ. ಈಗ ನೋಡಿದರೆ ಆಸ್ಪತ್ರೆಯ ಆಂಟಿಬಯೋಟಿಕ್‌ಗಳೇ ಒಂದೊಂದಾಗಿ ಕೈಚೆಲ್ಲುತ್ತಿದ್ದವು. ಬೇಡವೆಂದವಳೇ ಬೇರಿನ ಬಾಗಿಲು ತಟ್ಟಿದ್ದಳು.

ಗಾಯಾಳುಗಳಿಂದ ತೆಗೆದ ಅರವತ್ತು ಬಗೆಯ ಬ್ಯಾಕ್ಟೀರಿಯಾ ಅವಳ ಬಳಿ ಇದ್ದವು. ಶೀಶೆಗಳ ಮೇಲೆ ಹೆಸರಿಲ್ಲ, ಊರಿಲ್ಲ, ಆಸ್ಪತ್ರೆಯವರು ಬರೆದ ಬರೀ ನಂಬರು. ಅವುಗಳಲ್ಲಿ ನಲವತ್ತೊಂದನೆಯದು ಎಲ್ಲಕ್ಕಿಂತ ಮೊಂಡು. ಯಾವ ಔಷಧಿಗೂ ಜಗ್ಗಿರಲಿಲ್ಲ. ಅದನ್ನು ಬೇರು ಕೊಂದರೆ ಒಡುರೋನ ಮಾನ ಉಳಿಯಿತು. ಕೊಲ್ಲದಿದ್ದರೆ ಅವನ ನಲವತ್ತು ವರ್ಷ ಹೊಳೆಗೆ ಹೋಯಿತು.

ಬೇರಿನ ಸಾರವನ್ನು ಒಂಬತ್ತು ಅಂಶಗಳಾಗಿ ಬೇರ್ಪಡಿಸಿ, ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳಿಗೆ ಹಾಕಲು ಹದಿನೈದು ದಿನ ಹಿಡಿಯಿತು. ಹದಿನೈದು ದಿನವೂ ಮುದುಕ ಬಂದು ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂತ. ಮೈಮೇಲೆ ಸಾವಿಗೆ ಹೊದೆಯುವ ಕಪ್ಪು ಬಟ್ಟೆ. ಅಶಾಂಟಿ ಸೀಮೆಯಲ್ಲಿ ಆ ವಯಸ್ಸಿನವರಿಗೆ ಪ್ರತಿ ಶನಿವಾರ ಯಾರದಾದರೂ ಸಾವಿನ ಮನೆ ಇದ್ದೇ ಇರುತ್ತದೆ. ಮಂಗಳವಾರವೂ ಅದನ್ನೇ ಹೊದ್ದು ಬಂದದ್ದನ್ನು ಸೆರ್ವಾ ಮನಸ್ಸಿಗೆ ತಂದುಕೊಳ್ಳಲಿಲ್ಲ.

"ನಲವತ್ತೊಂದು ಏನಾಯ್ತು ತಾಯಿ?" ಅವನ ಬಾಯಲ್ಲಿ ದಿನವೂ ಅದೊಂದೇ.

"ಇನ್ನೂ ಐವತ್ತೊಂಬತ್ತು ಇವೆಯಲ್ಲ ಅಗ್ಯಾ, ಅವೇನು ಪಾಪ ಮಾಡಿದ್ವು? ಅದರ ಮೇಲೇ ಯಾಕೆ ನಿಮಗೆ ಅಷ್ಟು ಜಿದ್ದು?"

"ಜಿದ್ದಲ್ಲ ತಾಯಿ." ಮುದುಕ ಕೇಳಿದ, "ನೀರಲ್ಲಿ ಸುಮ್ನೆ ಅರೆದದ್ದನ್ನೂ ಹಾಕ್ತೀರಾ? ನಾವು ಕಟ್ಟೋ ಹಾಗೆ?"

"ಅದನ್ನೂ ಹಾಕ್ತೀನಿ."

ಅವಳು ಕೊಟ್ಟ ಕೆಂಕೆ ಕಡುಬು, ಹುರಿದ ಮೀನಿನ ಪೊಟ್ಟಣ ಅವನ ಮಡಿಲಲ್ಲೇ ತಣ್ಣಗಾಯಿತು. ಮುದುಕನಿಗೆ ಸೋಲಿನ ಭಯ ಎಂದುಕೊಂಡಳು ಸೆರ್ವಾ. ಇವನು ಗೆಲ್ಲಲಿ ಎಂದು, ವಿಜ್ಞಾನಿ ಬಯಸಬಾರದಷ್ಟು ಬಯಸಿದಳು.

ಹದಿನಾರನೆಯ ಬೆಳಿಗ್ಗೆ ನಲವತ್ತೊಂದನೆಯ ತಟ್ಟೆ ತೆರೆದಳು. ಗಾಜಿನ ತುಂಬ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಕಟ್ಟಿತ್ತು. ಒಂಬತ್ತು ಅಂಶಗಳಲ್ಲಿ ಅದ್ದಿದ ಒಂಬತ್ತು ಕಾಗದದ ಚುಕ್ಕೆಗಳಲ್ಲಿ ನಾಲ್ಕನೆಯದರ ಸುತ್ತ ಕೆನೆ ಕರಗಿ, ದುಂಡಗೆ, ನಿಚ್ಚಳ ಬಯಲು. ಹತ್ತನೆಯ ಚುಕ್ಕೆಯದು ಬರೀ ನೀರಲ್ಲಿ ಅರೆದ ಬೇರು. ಅದರ ಸುತ್ತಲೂ ಅಷ್ಟೇ ದೊಡ್ಡ ಬಯಲು. ಇನ್ನೆರಡು ತಟ್ಟೆಗಳಲ್ಲೂ ಅದೇ ಫಲ.

ಅವಳು ತಟ್ಟೆ ಹಿಡಿದು ಹೊರಗೆ ಓಡಿದಳು.

"ಗೆದ್ದುಬಿಟ್ರಿ ಅಗ್ಯಾ! ನಲವತ್ತೊಂದು ಮಟಾಷ್!"

ಮುದುಕ ಎದ್ದು ನಿಂತ. "ಅರೆದದ್ದು ಯಾವುದು?"

ತೋರಿಸಿದಳು. ಅವನು ಆ ಬಯಲನ್ನೇ ನೋಡಿದ. 

"ಎಲ್ಲೋ ತಪ್ಪಾಗಿರುತ್ತೆ. ಇನ್ನೊಂದ್ಸಲ ನೋಡಿ ತಾಯಿ."

"ಮೂರು ತಟ್ಟೆ ಮಾಡಿದ್ದೀನಿ, ಮೂರರಲ್ಲೂ ಇದೇ. ಇನ್ನು ನಿಮ್ಮ ಬೇರು ಸುಳ್ಳು ಅಂತ ಯಾರೂ ಅನ್ನೋ ಹಾಗಿಲ್ಲ!"

"ನೀವಾದ್ರೂ ಅಂತೀರಿ ಅಂತ ಕಾದು ಕೂತಿದ್ದೆ."

ಸೆರ್ವಾಳ ನಗು ಅರ್ಧಕ್ಕೇ ನಿಂತಿತು. ಮುದುಕ ಸಾವಿಗೆ ಹೊದ್ದ ಕಪ್ಪು ಬಟ್ಟೆಯ ಅಂಚು ಹಿಡಿದು ಬೆಂಚಿನ ಮೇಲೆ ಕೂತ.

"ಆ ಶೀಶೆ ಮೇಲೆ ನರ್ಸು ನಲವತ್ತೊಂದು ಅಂತ ಬರೆಯೋವಾಗ ನನ್ನ ಮಗಳ ಕಾಲು ಹಿಡ್ಕೊಂಡು ಕೂತಿದ್ದೆ ತಾಯಿ, ಕಟ್ಟಿದ್ದ ಬೇರನ್ನ ನಿಮ್ಮ ಮಾತು ಕೇಳಿ ನಾನೇ ಬಿಚ್ಚಿ ಎಸೆದು, ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ."