ಮೂರನೇ ಮಹಡಿಯ ಮೂಲೆ ರೂಮು

ಹೋಟೆಲ್ ಬದಲಾಯಿಸಿದೆ ಎಂದು ರೆನೀಟಾ ಹೇಳಿದ್ದೇ ತಡ, ಒಜೆಲ್ಲಾ ದೊಡ್ಡಮ್ಮ ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಸೌಟು ಕೆಳಗಿಟ್ಟರು. ಚರ್ಚಿನಿಂದ ಬಂದು ಇನ್ನೂ ಹ್ಯಾಟು ಕೂಡ ತೆಗೆದಿರಲಿಲ್ಲ.

"ಯಾರನ್ನ ಕೇಳಿ ಬದಲಾಯಿಸಿದೆ?"

ಶಹಭಾಸ್ ಅನ್ನಿಸಿಕೊಳ್ಳೋಣ ಎಂದು ಬಂದಿದ್ದ ರೆನೀಟಾ ಗಂಡ ಕರ್ಟಿಸ್‌ನ ಮುಖ ನೋಡಿದಳು. ಅವನು ತನ್ನ ತಟ್ಟೆ ನೋಡಿಕೊಂಡ. ಪ್ರತಿ ಜುಲೈಯಲ್ಲಿ ಡೆಟ್ರಾಯಿಟ್‌ನ ಪಾರ್ಕಿನಲ್ಲಿ ನಡೆಯುವ ಗ್ಯಾಡ್ಸ್‌ಡನ್ ಬಳಗದ ಕೂಟ ಈ ಸಲ ದೊಡ್ಡಮ್ಮ ಹುಟ್ಟಿ ಬೆಳೆದ, ಅಮೆರಿಕದ ದಕ್ಷಿಣದ ಚಾರ್ಲ್ಸ್‌ಟನ್ನಿನಲ್ಲೇ ಆಗಬೇಕೆಂದು ಹಟ ಹಿಡಿದವಳು ರೆನೀಟಾ. ನಲವತ್ತಮೂರು ಜನ, ಒಂದು ಬಸ್ಸು, ಮೂರು ದಿನ. ಹಳೆಯ ಊರಿನ ಯಾವ ಬೀದಿಗೆ ಎಷ್ಟು ಗಂಟೆಗೆ ಎನ್ನುವುದಕ್ಕೇ ಒಂದು ದಪ್ಪ ಫೈಲು ಮಾಡಿದ್ದಳು. ಕರ್ಟಿಸ್‌ಗೆ ಒಪ್ಪಿಸಿದ್ದು ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಮಾಡಿಸುವ ಕೆಲಸ ಒಂದೇ, ಅದರಲ್ಲೂ ಹಳದಿ ಆರಿಸಿ ಇಡೀ ಬಳಗದ ಬೈಗುಳ ತಿಂದಿದ್ದ. ಇಷ್ಟೆಲ್ಲ ನಡೆಯುತ್ತಿದ್ದದ್ದು ಎಂಬತ್ತನಾಲ್ಕರ ದೊಡ್ಡಮ್ಮನಿಗಾಗಿ. ಬಳಗದಲ್ಲಿ ಆ ಊರಲ್ಲಿ ಬಾಳಿದವರ ಪೈಕಿ ಈಗ ಉಳಿದಿರುವವರು ಅವರೊಬ್ಬರೇ. ಅವರು ಬರದಿದ್ದರೆ ಬಸ್ಸು ಹೊರಟೂ ದಂಡ.

ಹೋದ ತಿಂಗಳು ಇದೇ ಮೇಜಿನ ಮುಂದೆ ರೆನೀಟಾ ಸಮುದ್ರದ ದಡದ ಆ ಹಳೆಯ ಹೋಟೆಲಿನ ಹೆಸರು ಹೇಳಿದಾಗ, ದೊಡ್ಡಮ್ಮ "ಯಾವ ಮಹಡಿ?" ಎಂದಷ್ಟೇ ಕೇಳಿ ಪಾತ್ರೆ ತೊಳೆಯಲು ಎದ್ದು ಹೋಗಿದ್ದರು. ಆಮೇಲೆ ತೀರಿಹೋದ ಅಮ್ಮನ ಹಳೆಯ ಕಾಗದವೊಂದರಲ್ಲಿ ರೆನೀಟಾಗೆ ವಿಷಯ ಸಿಕ್ಕಿತು. ದೊಡ್ಡಮ್ಮ ಹದಿನಾರನೇ ವಯಸ್ಸಿನಿಂದ ಆರು ವರ್ಷ ಅದೇ ಹೋಟೆಲಿನಲ್ಲಿ ರೂಮು ಚೊಕ್ಕ ಮಾಡುತ್ತಿದ್ದರು. ಹಿಂಬಾಗಿಲಿನಿಂದ ಒಳಗೆ, ಹಿಂಬಾಗಿಲಿನಿಂದ ಹೊರಗೆ; ತಮ್ಮಂಥ ಕಪ್ಪು ಜನರಿಗೆ ಅಲ್ಲಿ ಮುಂಬಾಗಿಲೂ ಇಲ್ಲ, ರೂಮೂ ಇಲ್ಲ ಎನ್ನುತ್ತಿದ್ದ ಕಾಲ ಅದು. ದಕ್ಷಿಣದಲ್ಲಿ ಕಳೆದ ದಿನಗಳನ್ನು ಹಿರಿಯರು ತಾವಾಗಿ ಹೇಳಿದರೆ ಕೇಳಬೇಕು, ಕೆದಕಬಾರದು ಎನ್ನುವುದು ಈ ಬಳಗದಲ್ಲಿ ಎಲ್ಲರೂ ಉಳಿಸಿಕೊಂಡು ಬಂದ ಮರ್ಯಾದೆ. ರೆನೀಟಾಳೂ ಕೆದಕಲಿಲ್ಲ. ಅಲ್ಲಿ ಕಾದಿರಿಸಿದ್ದ ಹನ್ನೆರಡು ರೂಮುಗಳನ್ನೂ ಬಿಟ್ಟುಕೊಟ್ಟು, ಊರ ಹೊರಗೆ ಹೆದ್ದಾರಿ ಪಕ್ಕದ ಹೊಸ ಲಾಡ್ಜಿನಲ್ಲಿ ಜಾಗ ಹಿಡಿದಳು.

"ನಿಮಗೆ ಅಲ್ಲಿ ಬೇಜಾರಾಗಬಾರದು ಅಂತ ದೊಡ್ಡಮ್ಮ," ಎಂದಳು ಈಗ.

"ನೀವೆಲ್ಲ ಹೋಗಿ ಬನ್ನಿ. ನಾನು ಬರಲ್ಲ," ಎಂದು ದೊಡ್ಡಮ್ಮ ಹ್ಯಾಟು ತೆಗೆದಿಡುವ ನೆಪದಲ್ಲಿ ಒಳಗೆ ನಡೆದರು.

ಕರ್ಟಿಸ್ ಬೇಡವೆಂದು ಕಣ್ಣು ಮಾಡಿದರೂ ಕೇಳದೆ ರೆನೀಟಾ ಹಿಂದೆಯೇ ಹೋದಳು. ಹೊರಡಲು ಇನ್ನೂ ಎರಡು ತಿಂಗಳಿತ್ತು, ಆಗಲೇ ಕುರ್ಚಿಯ ಮೇಲೆ ಸೂಟ್‌ಕೇಸು ತೆರೆದಿತ್ತು. ಒಳಗೆ ಇದ್ದದ್ದು ಒಂದೇ ಒಂದು ಬಟ್ಟೆ. ತೆಳು ಕಾಗದದಲ್ಲಿ ಸುತ್ತಿದ, ಅಂಗಡಿಯ ಚೀಟಿಯನ್ನೂ ಕೀಳದ, ತಿಳಿನೀಲಿ ನೈಟಿ. ಹದಿನೈದು ವರ್ಷದಿಂದ ಒಂದೇ ಹಳೆಯ ನೈಟಿಯಲ್ಲಿ ಕಾಲ ಹಾಕಿದ ಹೆಂಗಸು. ರೆನೀಟಾ ಅದನ್ನು ಮುಟ್ಟಲಿಲ್ಲ.

"ಆರು ವರ್ಷ ಅಲ್ಲಿ ಹಾಸಿಗೆ ಹಾಸಿದೀನಿ ಕಣೇ," ಎಂದರು ದೊಡ್ಡಮ್ಮ, ಕಿಟಕಿಯ ಕಡೆ ತಿರುಗಿಯೇ. "ದಿನಕ್ಕೆ ಹದಿನಾಲ್ಕು ರೂಮು. ಬೆಡ್‌ಶೀಟಲ್ಲಿ ಒಂದು ಸುಕ್ಕು ಕಂಡ್ರೆ ಪೂರ್ತಿ ಕಿತ್ತುಹಾಕಿ ಮತ್ತೆ ಹಾಸಿಸೋರು. ಒಂದು ದಿನಾನೂ ಆ ಹಾಸಿಗೆ ತುದೀಲಿ ಕೂತವಳಲ್ಲ ನಾನು. ಮಲಗಿದ್ರೆ ಹೇಗಿರುತ್ತೋ ಅಂತ ಅರವತ್ತು ವರ್ಷದಿಂದ ಆಸೆ. ನನಗೆ ನೋವಾಗದಿರ್ಲಿ ಅಂತ ಹೋಗಿ ನೀನು ಅದನ್ನೂ ಕಿತ್ಕೊಂಡೆ."

ರೆನೀಟಾಗೆ ನಾಚಿಕೆಯಾಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಲ್ಲೇ ಮಂಚದ ಮೇಲೆ ಕೂತು ಹೋಟೆಲಿಗೆ ಫೋನು ಹಚ್ಚಿದಳು. ಅವಳು ಬಿಟ್ಟುಕೊಟ್ಟ ರೂಮುಗಳೆಲ್ಲ ಬೇರೆಯವರ ಪಾಲಾಗಿದ್ದವು. ಅವಳು ಬೇಡಿಕೊಂಡಳು, ಎರಡು ಸಲ ಕಾದಳು, ಕೊನೆಗೆ ಯಾರೋ ಬೇಡವೆಂದು ಬಿಟ್ಟ ಒಂದೇ ಒಂದು ರೂಮು ಸಿಕ್ಕಿತು. ಮೂರನೇ ಮಹಡಿ, ಮುನ್ನೂರ ಹದಿನಾರು.

"ಮೂಲೆ ರೂಮು," ಎಂದರು ದೊಡ್ಡಮ್ಮ ತಕ್ಷಣ. "ಬೆಳಗಿನ ಬಿಸಿಲು ನೇರ ದಿಂಬಿನ ಮೇಲೇ ಬೀಳುತ್ತೆ." ಆಮೇಲೆ ಅಡುಗೆಮನೆಗೆ ಕೇಳುವಷ್ಟು ದನಿ ಏರಿಸಿ, ಮುಂಬಾಗಿಲಿನಿಂದ ಒಳಗೆ ಹೋಗುವಾಗ ತಾನು ಆ ಹಳದಿ ಅಂಗಿಯನ್ನಂತೂ ತೊಡುವವಳಲ್ಲ ಎಂದು ಕರ್ಟಿಸ್‌ಗೆ ತಿಳಿಸಿದರು.

ನಾವೆಲ್ಲ ಲಾಡ್ಜಿನಲ್ಲಿರುತ್ತೇವೆ, ನೀವೊಬ್ಬರೇ ಆ ರೂಮಲ್ಲಿ ಮಹಾರಾಣಿಯ ಹಾಗೆ ಮಲಗಿ ಎಂದು ರೆನೀಟಾ ಕಣ್ಣೊರೆಸಿಕೊಂಡು ನಕ್ಕಳು. ದೊಡ್ಡಮ್ಮ ನಗಲಿಲ್ಲ. ರೆನೀಟಾ ಕೂತೆದ್ದು ಸುಕ್ಕಾಗಿದ್ದ ಹಾಸಿಗೆಯನ್ನು ಅವರ ಅಂಗೈ ಆಗಲೇ ಸವರುತ್ತಿತ್ತು. ಅಂಚನ್ನು ಮಡಚಿ, ಎಳೆದು, ಬಿಗಿಯಾಗಿ ಒಳಗೆ ಸಿಕ್ಕಿಸಿದ ಮೇಲೆಯೇ ಅವರು ತಮ್ಮ ಕೈಯನ್ನು ಗಮನಿಸಿದ್ದು.

"ಇಲ್ಲ, ನೀನೂ ನನ್ನ ಜೊತೆ ಇರು," ಎಂದರು. "ಬೆಳಿಗ್ಗೆ ಎದ್ದ ಕೂಡಲೇ, ನಾನು ಹಾಸಿಗೆ ಸರಿಮಾಡೋಕೆ ಹೋಗೋ ಮುಂಚೆ, ನನ್ನ ಎರಡೂ ಕೈ ಹಿಡ್ಕೊಂಡು ಹೊರಗೆ ಎಳ್ಕೊಂಡು ಬಾ."